ಸೆರೋವೆಯ ಬ್ರಿಗೇಡುಗಳು: ಆಫ್ರಿಕಾದ ಒಂದು ವಿದ್ಯಾಪ್ರಯೋಗ

ಪ್ರಾಥಮಿಕ ಶಾಲೆಯ ಕೊನೆಯ ತರಗತಿಯನ್ನು ಮುಗಿಸಿದ ಬಾಲಕನೊಬ್ಬನಿಗೆ, ‘ಮುಂದಿನ ಶಾಲೆಯಲ್ಲಿ ನಿನಗೆ ಸ್ಥಳವಿಲ್ಲ’ ಎಂದು ಹೇಳಿ ಮನೆಗೆ ಕಳುಹಿಸಿದರೆ ಅವನ ಗತಿಯೇನು? ಓದಿದ ಏಳು ವರ್ಷ ಅವನನ್ನು ಹೊಲದಿಂದಲೂ ದನಗಳಿಂದಲೂ ದೂರ ಮಾಡಿರುತ್ತದೆ; ಕಚೇರಿಯ ಬಾಗಿಲಿನವರೆಗೆ ಮಾತ್ರ ಒಯ್ದಿರುವುದಿಲ್ಲ. ಈ ಪ್ರಶ್ನೆಯು 1960ರ ದಶಕದಲ್ಲಿ ಹೊಸದಾಗಿ ಸ್ವತಂತ್ರವಾಗುತ್ತಿದ್ದ ಆಫ್ರಿಕಾದ ಅನೇಕ ದೇಶಗಳನ್ನು ಕಾಡಿತು. ಕೀನ್ಯಾದ ಕ್ರೈಸ್ತ ಸಂಘಗಳ ಒಕ್ಕೂಟವು 1966ರಲ್ಲಿ ಹೊರತಂದ ವರದಿಗೆ ‘ಶಾಲೆಯಾದ ಮೇಲೆ ಏನು?’ ಎಂಬರ್ಥದ ಹೆಸರನ್ನೇ ಇಟ್ಟಿತು. ಅದರ ಫಲವಾಗಿ ಆ ದೇಶದಲ್ಲಿ ಹಳ್ಳಿಯ ಪಾಲಿಟೆಕ್ನಿಕ್‌ಗಳು ಹುಟ್ಟಿದುವು. ಟಾಂಜಾನಿಯದ ಅಧ್ಯಕ್ಷ ಜೂಲಿಯಸ್ ನೈರೇರೆಯವರು 1967ರಲ್ಲಿ ‘ಸ್ವಾವಲಂಬನೆಗಾಗಿ ಶಿಕ್ಷಣ’ ಎಂಬ ನೀತಿಯನ್ನು ಸಾರಿದರು. ಇವೆರಡಕ್ಕಿಂತಲೂ ಕೊಂಚ ಮೊದಲೇ, ಯಾರ ಗಮನಕ್ಕೂ ಬಾರದ ಒಂದು ಮರುಭೂಮಿಯ ಅಂಚಿನ ಊರಿನಲ್ಲಿ ಒಬ್ಬ ಶಾಲಾಮುಖ್ಯಸ್ಥನು ಇದೇ ಪ್ರಶ್ನೆಗೆ ಇಟ್ಟಿಗೆ ಸುಣ್ಣಗಳಿಂದ ಉತ್ತರ ಹೇಳತೊಡಗಿದ್ದನು. ಪ್ರಕೃತ ಲೇಖನದಲ್ಲಿ ನಾವು ಹೇಳಹೊರಟಿರುವುದು ಆ ಪ್ರಯೋಗದ ಸಂಗತಿಯನ್ನು.

ವಿದ್ಯಾರ್ಥಿಗಳು ಆಫ್ರಿಕಾದ ಭೂಪಟವನ್ನು ತೆರೆಯಬೇಕು. ಖಂಡದ ದಕ್ಷಿಣ ತುದಿಯಲ್ಲಿ ದಕ್ಷಿಣ ಆಫ್ರಿಕಾ; ಅದರ ನೆತ್ತಿಯ ಮೇಲೆ, ಸಮುದ್ರದ ಸೋಂಕಿಲ್ಲದೆ ನಾಲ್ಕು ಕಡೆಯೂ ನೆಲದಿಂದಲೇ ಸುತ್ತುವರಿದ ದೇಶ ಬೋಟ್ಸ್ವಾನ. ವಿಸ್ತೀರ್ಣದಲ್ಲಿ ಅದು ಕರ್ನಾಟಕದ ಮೂರರಷ್ಟಿದೆ. ಆದರೆ 1966ರ ಸೆಪ್ಟೆಂಬರ್ 30ರಂದು ಅದು ಸ್ವತಂತ್ರವಾದಾಗ ಅಲ್ಲಿದ್ದ ಜನ ಆರು ಲಕ್ಷಕ್ಕೂ ಕಡಿಮೆ. ನೆಲದ ಬಹುಪಾಲು ಕಲಹಾರಿ ಮರಳು. ಬ್ರಿಟಿಷರು ಅದನ್ನು ಬೆಚುವಾನಾಲ್ಯಾಂಡ್ ಎಂಬ ಹೆಸರಿನಿಂದ ತಮ್ಮ ರಕ್ಷಣೆಯಲ್ಲಿಟ್ಟುಕೊಂಡಿದ್ದರು. ಆದರೆ ಅದಕ್ಕಾಗಿ ಒಂದು ರಾಜಧಾನಿಯನ್ನು ಕಟ್ಟುವ ಗೋಜಿಗೂ ಅವರು ಬಹುಕಾಲ ಹೋಗಲಿಲ್ಲ. 1965ರವರೆಗೆ ಆ ದೇಶದ ಆಡಳಿತ ನಡೆದುದು ಗಡಿಯಾಚೆಯ ಮಾಫೆಕಿಂಗ್ ಎಂಬ ದಕ್ಷಿಣ ಆಫ್ರಿಕಾದ ಪಟ್ಟಣದಿಂದ. ಗಡಿಯ ಆಚೆಗಿನ ಕಚೇರಿಗೆ ಅರ್ಜಿ ಹಿಡಿದು ಅಲೆಯುವುದೆಂದರೇನೆಂದು ಗಡಿನಾಡಿನ ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅಲ್ಲಿನ ಜನರ ನುಡಿ ಸೆತ್ಸ್ವಾನ. ದನಕರುಗಳೇ ಅವರ ಸಂಪತ್ತು. ಗಂಡುಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಊರಿನಿಂದ ಬಹುದೂರದ ದೊಡ್ಡಿಗಳಿಗೆ ದನ ಕಾಯಲು ಕಳುಹಿಸುತ್ತಿದ್ದುದರಿಂದ, ಪ್ರಾಥಮಿಕ ಶಾಲೆಗಳಲ್ಲಿ ಹುಡುಗರಿಗಿಂತ ಹುಡುಗಿಯರ ಸಂಖ್ಯೆಯೇ ಹೆಚ್ಚಾಗಿದ್ದಿತು. ಬೆಳೆದ ಗಂಡಸರಲ್ಲಿ ಬಹುಮಂದಿ ದಕ್ಷಿಣ ಆಫ್ರಿಕಾದ ಗಣಿಗಳಿಗೆ ಕೂಲಿಗೆ ಹೋಗುತ್ತಿದ್ದರು. ಇದರ ಮೇಲೆ 1960ರ ದಶಕದ ಮೊದಲ ಭಾಗದಲ್ಲಿ ವರ್ಷಾನುಗಟ್ಟಲೆ ಬರಗಾಲ. ದೇಶದಲ್ಲಿದ್ದ ಪ್ರೌಢಶಾಲೆಗಳನ್ನು ಬೆರಳಿನಲ್ಲಿ ಎಣಿಸಬಹುದಾಗಿದ್ದಿತು.

ಇಂತಹ ನಾಡಿಗೆ 1962ರಲ್ಲಿ ಪ್ಯಾಟ್ರಿಕ್ ವಾನ್ ರೆನ್ಸ್‌ಬರ್ಗ್ ಎಂಬ ಬಿಳಿಯ ತರುಣನು ಪತ್ನಿಯೊಡನೆ ಬಂದು ಸೆರೋವೆ ಎಂಬ ದೊಡ್ಡ ಹಳ್ಳಿಯಲ್ಲಿ ನೆಲೆಸಿದನು. ಈತನು 1931ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಜನಿಸಿದವನು. ಆ ದೇಶದ ರಾಯಭಾರ ಇಲಾಖೆಯಲ್ಲಿ ಸೇರಿ ಕಾಂಗೋದ ಲಿಯೋಪೋಲ್ಡ್‌ವಿಲ್‌ನಲ್ಲಿ ಉಪದೂತನಾಗಿದ್ದವನು. ವರ್ಣಭೇದವನ್ನು ಪರದೇಶದಲ್ಲಿ ಸಮರ್ಥಿಸುವ ಕೆಲಸ ತನ್ನಿಂದಾಗದೆಂದು 1957ರಲ್ಲಿ ಹುದ್ದೆಯನ್ನು ತ್ಯಜಿಸಿದನು. ಲಂಡನ್ನಿನಲ್ಲಿ ದಕ್ಷಿಣ ಆಫ್ರಿಕಾದ ಸರಕುಗಳ ಬಹಿಷ್ಕಾರ ಚಳವಳಿಗಾಗಿ ದುಡಿದನು. 1960ರಲ್ಲಿ ಶಾರ್ಪ್‌ವಿಲ್‌ನ ಹತ್ಯಾಕಾಂಡವಾದ ಮೇಲೆ ಅವನು ಸ್ವದೇಶವನ್ನು ಬಿಡಬೇಕಾಯಿತು. ಸುಮಾರು ಮೂವತ್ತು ವಯಸ್ಸಿನ, ಕೈಯಲ್ಲಿ ಹಣವಿಲ್ಲದ, ಊರಿಲ್ಲದ ಮನುಷ್ಯನು ಸೆರೋವೆಯಲ್ಲಿ ಶಾಲೆಯೊಂದನ್ನು ಕಟ್ಟುತ್ತೇನೆಂದಾಗ ಅಲ್ಲಿಯ ಜನ ನಂಬಿದುದೇ ಒಂದು ಆಶ್ಚರ್ಯ.

ಆ ಜನರ ಸಂಪ್ರದಾಯದಲ್ಲಿ ಆ ನಂಬಿಕೆಗೆ ಒಂದು ಆಧಾರವೂ ಇದ್ದಿತು. ತ್ಸ್ವಾನ ಜನರಲ್ಲಿ ಸಮಾನವಯಸ್ಕರೆಲ್ಲ ಸೇರಿ ಒಂದೊಂದು ಪಂಗಡವಾಗುವ ಪದ್ಧತಿಯಿದೆ. ಅದನ್ನು ಮೊಫಾತೊ ಎನ್ನುವರು. ಊರ ಮುಖ್ಯಸ್ಥನು ಕರೆದಾಗ ಆ ಪಂಗಡವೆಲ್ಲ ಬಂದು ಊರಿನ ಕೆಲಸವನ್ನು ಮಾಡಿಕೊಡಬೇಕು. ಸೆರೋವೆಯ ತ್ಶೆಕೆಡಿ ಖಾಮನು ಇದೇ ರೀತಿಯ ಶ್ರಮದಿಂದ ಮೊಯೆಂಗ್ ಎಂಬ ಕಾಲೇಜನ್ನು ಕಟ್ಟಿಸಿ 1949ರಲ್ಲಿ ಆರಂಭಿಸಿದ್ದನು. ಕಟ್ಟಾಜ್ಞೆಯಿಂದ ಕಟ್ಟಿಸಿದನೆಂಬ ಅಸಮಾಧಾನವೂ ಜನರಲ್ಲಿ ಇದ್ದಿತೆನ್ನಿ. ಆದರೂ ಶಾಲೆಯನ್ನು ತಮ್ಮ ಕೈಯಿಂದಲೇ ಕಟ್ಟಿಕೊಳ್ಳುವುದು ಅವರಿಗೆ ಹೊಸ ಮಾತಾಗಿರಲಿಲ್ಲ.

1963ರ ಫೆಬ್ರವರಿಯಲ್ಲಿ ಸ್ವಾನೆಂಗ್ ಎಂಬ ಗುಡ್ಡದ ಬುಡದಲ್ಲಿ ಪ್ರೌಢಶಾಲೆ ಆರಂಭವಾಯಿತು. ಅದಕ್ಕೆ ಸ್ವಾನೆಂಗ್ ಹಿಲ್ ಶಾಲೆಯೆಂದು ಹೆಸರು. ವಿದ್ಯಾರ್ಥಿಗಳು ತರಗತಿಯ ಪಾಠದೊಡನೆ ಬಿಡುವಿನ ದಿನಗಳಲ್ಲಿ ಅಡಿಪಾಯ ಅಗೆದರು, ಇಟ್ಟಿಗೆ ಹೊತ್ತರು, ಗೋಡೆಯೆಬ್ಬಿಸಿದರು. ಅಧ್ಯಾಪಕರೂ ಪರದೇಶದಿಂದ ಬಂದ ಸ್ವಯಂಸೇವಕರೂ ಅವರೊಡನೆ ದುಡಿದರು. ಬಡಗಿ ಕೆಲಸ, ಕಟ್ಟಡದ ಕೆಲಸ, ಲೋಹದ ಕೆಲಸ ಇವು ಇಂಗ್ಲಿಷು ಗಣಿತಗಳಷ್ಟೇ ಮಾನ್ಯವಾದ ಪಾಠಗಳಾದುವು. ಅಲ್ಲಿ ಹೊಸದಾಗಿ ‘ಅಭಿವೃದ್ಧಿ ಅಧ್ಯಯನ’ ಎಂಬ ವಿಷಯವನ್ನೂ ಸೇರಿಸಿದರು. ಒಂದು ದೇಶ ಬಡದೇಕೆ, ಇನ್ನೊಂದು ಶ್ರೀಮಂತವೇಕೆ. ಗಣಿಯ ಕೂಲಿಯವನ ದುಡಿಮೆಯ ಫಲ ಎಲ್ಲಿ ಹೋಗಿ ಸೇರುತ್ತದೆ. ಯಂತ್ರವೆಂದರೇನು, ಸಹಕಾರ ಸಂಘವೆಂದರೇನು ಎಂಬುದೇ ಅದರ ಪಾಠ. ಮುಂದೆ ಕೇಂಬ್ರಿಜ್ ಪರೀಕ್ಷಾ ಮಂಡಳಿಯೂ ಇದನ್ನು ಪರೀಕ್ಷೆಯ ವಿಷಯವಾಗಿ ಅಂಗೀಕರಿಸಿತು.

ಆದರೆ ಪ್ರೌಢಶಾಲೆಯಲ್ಲಿ ಸ್ಥಳ ಕೆಲವರಿಗೆ ಮಾತ್ರ. ಪ್ರವೇಶಕ್ಕಾಗಿ ಬಂದು ಹಿಂದಿರುಗಿದ ಹುಡುಗರ ಸಂಖ್ಯೆ ವರ್ಷವರ್ಷವೂ ಏರಿತು. ಅವರಿಗೆ ಹೇಳತಕ್ಕ ಉತ್ತರವೇನೆಂದು ಯೋಚಿಸಿ, 1965ರಲ್ಲಿ ವಾನ್ ರೆನ್ಸ್‌ಬರ್ಗ್ ಕಟ್ಟಡ ಕೆಲಸದವರ ಬ್ರಿಗೇಡನ್ನು ಆರಂಭಿಸಿದನು. ಬ್ರಿಗೇಡೆಂದರೆ ಪಡೆ. ಯುದ್ಧಕ್ಕೆ ಹೋಗುವ ಪಡೆಯಲ್ಲ. ಕರಣೆ ಹಿಡಿದು ಗೋಡೆ ಕಟ್ಟುವ ಪಡೆ.

ಇದರ ವ್ಯವಸ್ಥೆಯನ್ನು ವಿದ್ಯಾರ್ಥಿಗಳು ಚೆನ್ನಾಗಿ ತಿಳಿಯಬೇಕು. ಶಾಲೆಗೆ ಕಟ್ಟಡಗಳು ಬೇಕಾಗಿದ್ದುವು, ಊರಿಗೂ ಬೇಕಾಗಿದ್ದುವು. ಕಟ್ಟುವ ಕಸಬುದಾರರು ಊರಲ್ಲಿರಲಿಲ್ಲ. ಕೆಲಸವಿಲ್ಲದ ಹುಡುಗರು ಊರ ತುಂಬ ಇದ್ದರು. ಈ ಮೂರನ್ನೂ ಒಂದೆಡೆ ಸೇರಿಸಿದುದೇ ಬ್ರಿಗೇಡು. ನುರಿತ ಮೇಸ್ತ್ರಿಯೊಬ್ಬನ ಕೈಕೆಳಗೆ ಹುಡುಗರು ವಾರದ ಬಹುಪಾಲು ದಿನ ನಿಜವಾದ ಕಟ್ಟಡದಲ್ಲೇ ಕೆಲಸ ಕಲಿಯುವರು. ಅಭ್ಯಾಸಕ್ಕಾಗಿ ಕಟ್ಟಿ ಕೆಡಹುವ ಗೋಡೆಯಲ್ಲಿ ಅಲ್ಲ. ವಾರದ ಉಳಿದ ಕಾಲದಲ್ಲಿ ತರಗತಿಯಲ್ಲಿ ಕುಳಿತು ಇಂಗ್ಲಿಷು, ಲೆಕ್ಕ, ವಿಜ್ಞಾನ, ನಕ್ಷೆ ಬರೆಯುವುದು, ಅಭಿವೃದ್ಧಿ ಅಧ್ಯಯನ ಇವನ್ನು ಓದುವರು. ಕಟ್ಟಿದ ಕೆಲಸಕ್ಕೆ ಬರುವ ಹಣದಿಂದ ಮೇಸ್ತ್ರಿಯ ಸಂಬಳ, ಉಪಕರಣ, ಹುಡುಗರ ಖರ್ಚು ನಡೆಯಬೇಕು. ಸರಕಾರದ ಬೊಕ್ಕಸವನ್ನಾಗಲಿ ತಂದೆತಾಯಿಗಳ ಬಡ ಸಂದೂಕವನ್ನಾಗಲಿ ನಂಬದೆ ನಡೆಯುವ ಶಾಲೆಯನ್ನು ಸ್ಥಾಪಿಸುವುದು ಅವನ ಆಶಯವಾಗಿದ್ದಿತು. ಈ ಪದ್ಧತಿಗೆ ‘ಉತ್ಪಾದನೆಯೊಡಗೂಡಿದ ಶಿಕ್ಷಣ’ವೆಂಬ ಹೆಸರು ಬಂದಿತು.

ಗೋಡೆ ಕಟ್ಟುವುದರಲ್ಲಿ ವಿದ್ಯೆಯೇನಿದೆ ಎಂದು ಯಾರಾದರೂ ಕೇಳಬಹುದು. ಎರಡು ದೃಷ್ಟಾಂತ ಕೊಡುವೆವು. ಮನೆಯ ಪಾಯಕ್ಕೆ ದಾರ ಹಿಡಿಯುವಾಗ ಮೂಲೆಯು ಸರಿಯಾದ ಲಂಬಕೋನವಾಗಿದೆಯೇ ಎಂದು ಮೇಸ್ತ್ರಿ ಹೇಗೆ ತಿಳಿಯುವನು? ಮೂಲೆಯಿಂದ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡುವನು. ಆ ಎರಡು ಗುರುತುಗಳ ನಡುವೆ ಓರೆಯಾಗಿ ಅಳೆದಾಗ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ; ಇಲ್ಲವಾದರೆ ದಾರವನ್ನು ಸರಿಸಬೇಕು. ಮೂರರ ವರ್ಗ ಒಂಬತ್ತು, ನಾಲ್ಕರ ವರ್ಗ ಹದಿನಾರು, ಕೂಡಿದರೆ ಇಪ್ಪತ್ತೈದು. ಅದು ಐದರ ವರ್ಗ. ನಮ್ಮ ಒಂಬತ್ತು ಹತ್ತನೆಯ ತರಗತಿಯವರು ಕಂಠಪಾಠ ಮಾಡಿ ಪರೀಕ್ಷೆಯಾದೊಡನೆ ಮರೆಯುವ ಪೈಥಾಗೊರಸ್ಸಿನ ಪ್ರಮೇಯವು ಆ ದಾರದಲ್ಲಿ ಕುಳಿತಿದೆ. ಎರಡನೆಯದು: ಕಾಂಕ್ರೀಟನ್ನು ಕಲಸುವಾಗ ಸುಲಭವಾಗಿ ಹರಡಲೆಂದು ನೀರು ಹೆಚ್ಚು ಸುರಿದರೆ ಅದು ಒಣಗಿದ ಮೇಲೆ ಬಲಗುಂದುತ್ತದೆ. ಏಕೆಂದರೆ ಸಿಮೆಂಟು ಗಟ್ಟಿಯಾಗುವುದು ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ; ಆ ಕ್ರಿಯೆಗೆ ಬೇಕಾದುದಕ್ಕಿಂತ ಮಿಕ್ಕ ನೀರು ಆರಿಹೋಗಿ ಒಳಗೆ ಸಣ್ಣ ಸಣ್ಣ ರಂಧ್ರಗಳನ್ನುಳಿಸುತ್ತದೆ. ಕಾರಣ ತಿಳಿಯದೆ ಕಲಸುವವನು ಕೂಲಿ. ಕಾರಣ ತಿಳಿದು ಕಲಸುವವನು ಕಸಬುದಾರ. ಬ್ರಿಗೇಡಿನ ತರಗತಿಯು ಈ ಅಂತರವನ್ನು ದಾಟಿಸುವುದಕ್ಕಾಗಿಯೇ ಇದ್ದಿತು.

ಇನ್ನು ಹಣದ ಲೆಕ್ಕ. ಇಲ್ಲಿ ನಾವು ಕೊಡುವ ಅಂಕಿಗಳು ಕೇವಲ ಕಲ್ಪಿತ. ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ. ಒಬ್ಬ ಹುಡುಗನ ಮೇಲೆ ತಿಂಗಳಿಗೆ 100 ರೂಪಾಯಿ ವೆಚ್ಚವಾಗುತ್ತದೆಯೆಂದು ಇಟ್ಟುಕೊಳ್ಳೋಣ. ಮೊದಲ ವರ್ಷ ಅವನು ಇಟ್ಟಿಗೆ ಒಡೆಯುತ್ತಾನೆ, ಗಾರೆ ಕೆಡಿಸುತ್ತಾನೆ; ಅವನ ಕೆಲಸದ ಬೆಲೆ ತಿಂಗಳಿಗೆ 40 ರೂಪಾಯಿ. ಎರಡನೆಯ ವರ್ಷ ಅದು 100 ಆಗುತ್ತದೆ. ಮೂರನೆಯ ವರ್ಷ ಕೈ ಪಳಗಿ 160 ಆಗುತ್ತದೆ. ಮೂರು ವರ್ಷಗಳ ಒಟ್ಟು ವೆಚ್ಚ 3,600; ಒಟ್ಟು ಸಂಪಾದನೆ 480, 1,200, 1,920 ಕೂಡಿದರೆ ಅದೂ 3,600. ಲೆಕ್ಕ ಸಮವಾಯಿತು. ಆದರೆ ಅದೇ ಹುಡುಗ ಎರಡು ವರ್ಷವಾದೊಡನೆ ‘ನನಗೆ ಕೆಲಸ ಬಂದಿತು’ ಎಂದು ಹೆಚ್ಚು ಕೂಲಿಯ ಕಡೆಗೆ ಹೊರಟುಹೋದರೆ? ವೆಚ್ಚ 2,400, ಸಂಪಾದನೆ 1,680. 720 ರೂಪಾಯಿ ನಷ್ಟ. ಅದನ್ನು ತುಂಬಲು ಉಳಿದ ಹುಡುಗರಿಂದ ಹೆಚ್ಚು ಕೆಲಸ ತೆಗೆಯಬೇಕು. ಹೆಚ್ಚು ಕೆಲಸ ತೆಗೆಯಲು ತರಗತಿಯ ಕಾಲವನ್ನು ಕತ್ತರಿಸಬೇಕು. ತರಗತಿ ಹೋದರೆ ಬ್ರಿಗೇಡು ಬರಿಯ ಕಂತ್ರಾಟುದಾರನ ಗುಂಪಾಗಿ ಉಳಿಯುತ್ತದೆ. ಇಡೀ ಬ್ರಿಗೇಡು ಚಳವಳಿಯ ಸುಖದುಃಖವೆಲ್ಲ ಈ ಒಂದು ಲೆಕ್ಕದಲ್ಲಿ ಅಡಗಿದೆಯೆಂದರೆ ತಪ್ಪಾಗದು. ಮುಂದೆ ಸರಕಾರವು ತಲೆಗಿಷ್ಟೆಂದು ಸಹಾಯಧನವನ್ನು ಕೊಡಬೇಕಾಗಿ ಬಂದುದು ಇದರಿಂದಲೇ.

ಕಟ್ಟಡದವರ ಬ್ರಿಗೇಡಿನ ಹಿಂದೆಯೇ ವ್ಯವಸಾಯ, ಬಡಗಿ ಕೆಲಸ, ನೇಯ್ಗೆ, ಚರ್ಮ ಹದಮಾಡುವುದು ಮೊದಲಾದ ಕಸಬುಗಳ ಬ್ರಿಗೇಡುಗಳು ಸೆರೋವೆಯಲ್ಲಿ ಹುಟ್ಟಿದುವು. ಮೊಲೆಪೊಲೊಲೆ, ಕಾನ್ಯೆ, ಮೊಚುಡಿ, ಮಹಲಾಪ್ಯೆ ಮುಂತಾದ ಊರುಗಳಿಗೂ ಹರಡಿದುವು. ಒಂದೊಂದು ಊರಿನ ಬ್ರಿಗೇಡುಗಳನ್ನು ಆ ಊರಿನವರೇ ಸೇರಿದ ವಿಶ್ವಸ್ಥ ಮಂಡಳಿಗಳು ನಡೆಸಿದುವು. 1969ರಲ್ಲಿ ಸೆರೋವೆಯಲ್ಲಿ ‘ಬೊಯಿತೆಕೊ’ ಎಂಬ ಇನ್ನೊಂದು ಸಂಸ್ಥೆ ಬಂದಿತು. ಆ ಮಾತಿಗೆ ಪ್ರಯತ್ನವೆಂದರ್ಥ. ಅದು ಶಾಲೆಯ ವಯಸ್ಸು ಮೀರಿದ ಬಡವರಿಗಾಗಿ, ವಿಶೇಷವಾಗಿ ಹೆಂಗಸರಿಗಾಗಿ. ಕುಂಬಾರಿಕೆ, ತರಕಾರಿ ತೋಟ ಮೊದಲಾದ ಉದ್ಯೋಗಗಳ ಪರಸ್ಪರ ಸಹಾಯ ಸಂಘ. ದಕ್ಷಿಣ ಆಫ್ರಿಕಾದಿಂದ ನಿರಾಶ್ರಿತೆಯಾಗಿ 1964ರಲ್ಲಿ ಸೆರೋವೆಗೆ ಬಂದ ಪ್ರಸಿದ್ಧ ಲೇಖಕಿ ಬೆಸ್ಸಿ ಹೆಡ್ ಈ ತೋಟದಲ್ಲಿ ದುಡಿದವರು. ಅವರು 1981ರಲ್ಲಿ ಪ್ರಕಟಿಸಿದ ಸೆರೋವೆಯ ಇತಿಹಾಸದಲ್ಲಿ ಮುಖ್ಯವಾಗಿ ಮೂವರನ್ನು ಆರಿಸಿಕೊಂಡಿದ್ದಾರೆ: ಖಾಮ ಮಹಾರಾಜ, ತ್ಶೆಕೆಡಿ ಖಾಮ ಮತ್ತು ವಾನ್ ರೆನ್ಸ್‌ಬರ್ಗ್. ಅರಸರ ಸಾಲಿನಲ್ಲಿ ಒಬ್ಬ ಶಾಲಾಮಾಸ್ತರನು ಕುಳಿತುದನ್ನು ಓದಿ ನಮ್ಮ ವೃತ್ತಿಯವರಿಗೆ ಸ್ವಲ್ಪ ಹೆಮ್ಮೆಯಾದರೆ ಕ್ಷಮಿಸಬೇಕು.

ಇಷ್ಟನ್ನು ಓದಿದ ಪೋಷಕರ ಮನಸ್ಸಿನಲ್ಲಿ ಒಂದು ಸಂಶಯ ಎದ್ದಿರಬಹುದು. ಕೈಕಸಬಿನ ತರಗತಿಗೆ ಇನ್ನೊಂದು ಘಂಟೆಯನ್ನು ಸೇರಿಸುವ ಮಾತು ನಮ್ಮ ಶಾಲೆಯ ರಕ್ಷಕರ ಸಭೆಯಲ್ಲಿ ಬಂದಾಗಲೂ ಅದು ಎದ್ದಿತ್ತು. ‘ಉಳಿ ಹಿಡಿಯಲು ಕಲಿಸುವುದಾದರೆ ಮಗನನ್ನು ಶಾಲೆಗೆ ಏಕೆ ಕಳುಹಿಸಬೇಕು, ಸ್ವಾಮಿ? ಉಳ್ಳವರ ಮಕ್ಕಳಿಗೆ ಪುಸ್ತಕ, ನಮ್ಮ ಮಕ್ಕಳಿಗೆ ಗರಗಸವೇ?’ ಎಂದು ಹಿರಿಯರೊಬ್ಬರು ಕೇಳಿದರು. ಈ ಮಾತನ್ನು ಅಜ್ಞಾನದ ಮಾತೆಂದು ತಳ್ಳಿಹಾಕುವವರು ಆಫ್ರಿಕಾದ ಇತಿಹಾಸವನ್ನು ಓದಿಲ್ಲವೆಂದೇ ನಾವು ಹೇಳುತ್ತೇವೆ.

ದಕ್ಷಿಣ ಆಫ್ರಿಕಾದ ಸರಕಾರವು 1953ರಲ್ಲಿ ಬಾಂಟು ಶಿಕ್ಷಣ ಶಾಸನವನ್ನು ಮಾಡಿತು. ಅದರ ಸೂತ್ರಧಾರನಾದ ವೆರ್‌ವೂರ್ಡ್ ಎಂಬ ಮಂತ್ರಿಯು, ಬಿಳಿಯರ ಸಮಾಜದಲ್ಲಿ ಕೆಲವು ಬಗೆಯ ದೈಹಿಕ ದುಡಿಮೆಗಿಂತ ಮೇಲೆ ಕರಿಯರಿಗೆ ಸ್ಥಾನವಿಲ್ಲ, ಆದುದರಿಂದ ಅದಕ್ಕೆ ಮೀರಿದ ವಿದ್ಯೆ ಅವರಿಗೆ ಬೇಡವೆಂಬ ವಾದವನ್ನು ಮುಂದಿಟ್ಟನು. ಅಂದರೆ ಅಲ್ಲಿ ಕೈಕೆಲಸವು ವಿದ್ಯೆಯಾಗಿರಲಿಲ್ಲ, ಬೇಲಿಯಾಗಿದ್ದಿತು. ಆಫ್ರಿಕಾದ ತಂದೆತಾಯಿಗಳು ಬಹುಕಾಲ ಕಸಬಿನ ಶಾಲೆಯನ್ನು ಕಂಡರೆ ಹಿಂಜರಿದುದಕ್ಕೆ ಇದೇ ಕಾರಣ. ವಾನ್ ರೆನ್ಸ್‌ಬರ್ಗ್ ಆ ದೇಶದಿಂದಲೇ ಓಡಿಬಂದವನಾದ್ದರಿಂದ ಈ ಅಪಾಯವನ್ನು ಬೇರೆಯವರಿಗಿಂತ ಹೆಚ್ಚಾಗಿ ಬಲ್ಲನು. ಸ್ವಾನೆಂಗ್‌ನಲ್ಲಿ ಪ್ರೌಢಶಾಲೆಯ ಹುಡುಗನೂ ಮಣ್ಣು ಹೊರಬೇಕು, ಬ್ರಿಗೇಡಿನ ಹುಡುಗನೂ ಅಭಿವೃದ್ಧಿ ಅಧ್ಯಯನವನ್ನು ಓದಬೇಕು ಎಂಬ ನಿಯಮವಿದ್ದುದರ ಒಳಗುಟ್ಟು ಇಲ್ಲಿದೆ. ಕಸಬಿನ ಶಿಕ್ಷಣ ಒಳ್ಳೆಯದೇ ಕೆಟ್ಟದೇ ಎಂದು ಕೇಳುವುದಕ್ಕಿಂತ ಎರಡು ಪ್ರಶ್ನೆಗಳನ್ನು ಕೇಳುವುದು ಮೇಲು. ಉಳಿ ಹಿಡಿದವನಿಗೆ ಪುಸ್ತಕದ ಬಾಗಿಲನ್ನು ಮುಚ್ಚಿದ್ದಾರೆಯೇ? ಪುಸ್ತಕ ಹಿಡಿದವನಿಗೆ ಉಳಿಯಿಂದ ವಿನಾಯಿತಿ ಕೊಟ್ಟಿದ್ದಾರೆಯೇ? ಎರಡಕ್ಕೂ ಇಲ್ಲವೆಂಬ ಉತ್ತರ ಬಂದ ಶಾಲೆಯಲ್ಲಿ ಆ ಹಿರಿಯರ ಸಂಶಯಕ್ಕೆ ಆಸ್ಪದವಿಲ್ಲ. ಒಂದಕ್ಕಾದರೂ ಹೌದೆಂದು ಬಂದರೆ ಅವರ ಸಂಶಯವೇ ಸರಿ.

ಇದೇ ಆಫ್ರಿಕಾದ ನೆಲದಲ್ಲಿ ಈ ವಿಚಾರಕ್ಕೆ ಇನ್ನೂ ಹಳೆಯ ಬೇರುಗಳಿವೆ. ಅವುಗಳಲ್ಲೊಂದು ನಮ್ಮ ದೇಶಕ್ಕೂ ಹಬ್ಬಿದೆ. ನಟಾಲಿನ ಇನಾಂಡದಲ್ಲಿ ಜಾನ್ ಡೂಬೆ ಎಂಬ ಜೂಲು ಮುಖಂಡನು, ಅಮೆರಿಕಾದ ನೀಗ್ರೋ ಜನರ ಟಸ್ಕೀಗಿ ವಿದ್ಯಾಲಯದಿಂದ ಪ್ರೇರಿತನಾಗಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಓಹ್ಲಾಂಗೆ ಎಂಬ ಕೈಗಾರಿಕಾ ಶಾಲೆಯನ್ನು ಸ್ಥಾಪಿಸಿದನು. 1912ರಲ್ಲಿ ಆಫ್ರಿಕನ್ ಜನರ ರಾಷ್ಟ್ರೀಯ ಕಾಂಗ್ರೆಸ್ಸು ಹುಟ್ಟಿದಾಗ ಅದರ ಮೊದಲ ಅಧ್ಯಕ್ಷನಾದವನು ಇವನೇ. ಕೈಗಾರಿಕೆಯ ಪಾಠ ಹೇಳಿದವನು ರಾಜಕೀಯ ಹಕ್ಕನ್ನೂ ಕೇಳಿದನೆಂಬುದು ಗಮನಾರ್ಹ. ಓಹ್ಲಾಂಗೆಗೆ ಸಮೀಪದಲ್ಲಿಯೇ ಗಾಂಧೀಜಿಯವರು 1904ರಲ್ಲಿ ಫೀನಿಕ್ಸ್ ಆಶ್ರಮವನ್ನು ಆರಂಭಿಸಿದರು. ಅನಂತರ 1910ರಲ್ಲಿ ಜೋಹಾನ್ಸ್‌ಬರ್ಗಿನ ಹತ್ತಿರ ಕಾಲೆನ್‌ಬಾಕ್ ಎಂಬ ಮಿತ್ರನು ಕೊಟ್ಟ 1,100 ಎಕರೆ ಭೂಮಿಯಲ್ಲಿ ಟಾಲ್‌ಸ್ಟಾಯ್ ಫಾರ್ಮನ್ನು ಕಟ್ಟಿದರು. ಸತ್ಯಾಗ್ರಹಿಗಳ ಮಕ್ಕಳಿಗೆ ಅಲ್ಲಿ ತೋಟದ ಕೆಲಸ, ಬಡಗಿ ಕೆಲಸ, ಚಪ್ಪಲಿ ಹೊಲಿಯುವುದು ಎಲ್ಲವೂ ಪಾಠವಾಗಿದ್ದಿತು. ಚಪ್ಪಲಿಯ ವಿದ್ಯೆಯನ್ನು ಕಾಲೆನ್‌ಬಾಕ್ ಒಂದು ಕ್ರೈಸ್ತ ಮಠದಲ್ಲಿ ಕಲಿತುಬಂದು ಗಾಂಧೀಜಿಗೆ ಕಲಿಸಿದನು. ಗಾಂಧೀಜಿ ಮಕ್ಕಳಿಗೆ ಕಲಿಸಿದರು. ಇಪ್ಪತ್ತೇಳು ವರ್ಷಗಳ ಅನಂತರ, 1937ರಲ್ಲಿ, ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಅವರು ದೇಶದ ಮುಂದಿಟ್ಟ ಮೂಲಶಿಕ್ಷಣದ ಯೋಜನೆಯು ಆ ಅನುಭವದಿಂದ ಬೆಳೆದುದು. ನಮ್ಮ ಹಿಂದಿನ ತಲೆಮಾರಿನವರು ಶಾಲೆಯಲ್ಲಿ ತಕಲಿ ತಿರುಗಿಸಿ ನೂಲು ತೆಗೆದುದರ ಮೂಲವನ್ನು ಹುಡುಕಿಕೊಂಡು ಹೋದರೆ ಆಫ್ರಿಕಾವನ್ನೇ ತಲುಪುತ್ತೇವೆ.

ಸೆರೋವೆಗೆ ಹಿಂದಿರುಗೋಣ. ಅಲ್ಲಿ ಎಲ್ಲವೂ ನೆಟ್ಟಗೆ ನಡೆಯಿತೆಂದು ಹೇಳಿದರೆ ವಾಚಕರನ್ನು ವಂಚಿಸಿದಂತಾಗುತ್ತದೆ. ಕೆಲವು ವರ್ಷಗಳಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳೇ ಮಣ್ಣು ಹೊರುವುದಕ್ಕೆ ಬೇಸರಪಟ್ಟರು. ಪರೀಕ್ಷೆಯಾದರೆ ಸರಕಾರಿ ಕುರ್ಚಿ ಕಾದಿದೆಯೆಂದು ಅವರಿಗೆ ತಿಳಿದಿತ್ತು. ಹೊಸದಾಗಿ ಸ್ವತಂತ್ರವಾದ ದೇಶದಲ್ಲಿ ಗುಮಾಸ್ತರಿಗೂ ಅಧಿಕಾರಿಗಳಿಗೂ ಅಷ್ಟು ಬೇಡಿಕೆ. ಅದೇ ಆವರಣದಲ್ಲಿದ್ದ ಬ್ರಿಗೇಡಿನ ಹುಡುಗರನ್ನು ಅವರು ತಮಗಿಂತ ಕೀಳೆಂದು ಕಂಡರು. ವಾನ್ ರೆನ್ಸ್‌ಬರ್ಗ್ ಇದನ್ನು ಮುಚ್ಚಿಡಲಿಲ್ಲ. 1974ರಲ್ಲಿ ಪ್ರಕಟಿಸಿದ ಸ್ವಾನೆಂಗ್‌ನ ವರದಿಯಲ್ಲಿ ತನ್ನ ಶಾಲೆ ಎಲ್ಲಿ ಎಡವಿತೆಂಬುದನ್ನೂ ಬಿಚ್ಚಿ ಬರೆದನು. ಸಮಾಜದಲ್ಲಿ ಸಂಬಳದ ತಾರತಮ್ಯ ಹಾಗೆಯೇ ಇರುವಾಗ ಶಾಲೆಯೊಂದೇ ಸಮಾನತೆಯನ್ನು ತರಲಾರದೆಂಬುದು ಅವನು ಕಷ್ಟಪಟ್ಟು ಕಂಡ ಸತ್ಯ.

ವ್ಯವಸಾಯದ ಬ್ರಿಗೇಡಿನ ತೊಡಕು ಬೇರೆ ಬಗೆಯದು. ಗೋಡೆ ಕಟ್ಟಲು ಕಲಿತವನು ಕರಣೆಯೊಂದನ್ನು ಹಿಡಿದು ಎಲ್ಲಿಗೆ ಹೋದರೂ ಬದುಕಿಯಾನು. ಬೇಸಾಯ ಕಲಿತ ಬಡ ಹುಡುಗನಿಗೆ ಎತ್ತಿಲ್ಲದೆ, ಬಾವಿಯಿಲ್ಲದೆ, ಬಂಡವಾಳವಿಲ್ಲದೆ ಕಲಿತುದರಿಂದ ಪ್ರಯೋಜನವೇನು? ಮಳೆ ಬಂದರೆ ಬೆಳೆ, ಬಾರದಿದ್ದರೆ ಇಲ್ಲವೆಂಬ ಸೀಮೆಯಲ್ಲಿ ಬೆಳೆಯಿಂದ ಶಾಲೆಯ ಖರ್ಚನ್ನು ಎತ್ತುವುದಂತೂ ಕಟ್ಟಡದ ಕಂತ್ರಾಟಿನಷ್ಟು ಸುಲಭವಲ್ಲ. ಕಸಬು ಕಲಿಸುವ ಯಾವ ಯೋಜನೆಯನ್ನು ಕಂಡರೂ, ಕಲಿತ ಮರುದಿನ ಆ ಹುಡುಗನ ಕೈಗೆ ಉಪಕರಣ ಎಲ್ಲಿಂದ ಬರುವುದೆಂದು ಮೊದಲು ಕೇಳಬೇಕೆಂಬುದನ್ನು ನಾವು ಇದರಿಂದ ಕಲಿತಿದ್ದೇವೆ.

ಮೂರನೆಯ ತೊಡಕು ಭೂಮಿಯೊಳಗಿನಿಂದ ಬಂದಿತು. 1967ರಲ್ಲಿ ಬೋಟ್ಸ್ವಾನದ ಓರಾಪ ಎಂಬಲ್ಲಿ ವಜ್ರದ ನಿಕ್ಷೇಪ ಸಿಕ್ಕಿತು. ಬಡ ದೇಶದ ಬೊಕ್ಕಸ ತುಂಬತೊಡಗಿತು. ಆ ಹಣವನ್ನು ಅಲ್ಲಿಯ ಸರಕಾರವು ಶಾಲೆ ಆಸ್ಪತ್ರೆ ರಸ್ತೆಗಳಿಗೆ ವಿನಿಯೋಗಿಸಿತೆಂಬುದು ಆ ದೇಶದ ಕೀರ್ತಿ. 1977ರಲ್ಲಿ ಶಿಕ್ಷಣದ ರಾಷ್ಟ್ರೀಯ ಆಯೋಗವೊಂದು ವರದಿಯನ್ನು ಕೊಟ್ಟಿತು. ಮುಂದೆ ಪ್ರೌಢಶಾಲೆಗಳು ಹೆಚ್ಚಿದುವು. ಎಲ್ಲರಿಗೂ ಶಾಲೆಯ ಬಾಗಿಲು ತೆರೆದಾಗ, ಬಾಗಿಲಾಚೆ ಉಳಿದವರಿಗಾಗಿ ಹುಟ್ಟಿದ ಬ್ರಿಗೇಡು ಎರಡನೆಯ ದರ್ಜೆಯದಾಗಿ ತೋರಿತು. ಸುಖವು ಕೂಡ ಒಂದು ಒಳ್ಳೆಯ ಸಂಸ್ಥೆಯನ್ನು ಸೊರಗಿಸಬಲ್ಲದು.

ಆದರೆ ವಿಚಾರವು ಗಡಿ ದಾಟಿ ಹೋಯಿತು. 1980ರಲ್ಲಿ ವಾನ್ ರೆನ್ಸ್‌ಬರ್ಗ್ ‘ಉತ್ಪಾದನೆಯೊಡನೆ ಶಿಕ್ಷಣ’ದ ಪ್ರತಿಷ್ಠಾನವನ್ನು ಸ್ಥಾಪಿಸಿದನು, 1981ರಲ್ಲಿ ಅವನಿಗೆ ಸ್ವೀಡನ್ನಿನ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಸಂದಿತು. ಜಿಂಬಾಬ್ವೆಯಲ್ಲಿ ವಿಮೋಚನಾ ಯುದ್ಧದಿಂದ ಹಿಂದಿರುಗಿದ ನಿರಾಶ್ರಿತ ಮಕ್ಕಳಿಗಾಗಿ ಇದೇ ಮಾದರಿಯ ಶಾಲೆಗಳು ಬಂದುವು. ಇದಕ್ಕೂ ಮೊದಲು, 1976ರ ಸೊವೆಟೊ ದಂಗೆಯಾದ ಮೇಲೆ ದಕ್ಷಿಣ ಆಫ್ರಿಕಾದಿಂದ ಓಡಿಬಂದ ತರುಣರಿಗಾಗಿ ಟಾಂಜಾನಿಯದ ಮಜಿಂಬು ಎಂಬಲ್ಲಿ, ಪಾಳುಬಿದ್ದ ಕತ್ತಾಳೆ ತೋಟವೊಂದರಲ್ಲಿ, ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸು 1978ರಲ್ಲಿ ಸಾಲೊಮನ್ ಮಹ್ಲಾಂಗು ಕಾಲೇಜನ್ನು ಸ್ಥಾಪಿಸಿತ್ತು. ಬಾಂಟು ಶಿಕ್ಷಣವನ್ನು ಧಿಕ್ಕರಿಸಿ ಬಂದ ಆ ಮಕ್ಕಳಿಗೆ ಹೊಲ, ಹಂದಿಸಾಕಣೆ, ಕಾರ್ಯಾಗಾರಗಳ ಜೊತೆಯಲ್ಲೇ ಓದು. ಬೇಲಿಯಾಗಿ ಬಂದ ಕೈಕೆಲಸವನ್ನು ದ್ವೇಷಿಸಿದವರಿಗೆ, ಅದೇ ಕೈಕೆಲಸವನ್ನು ಬಿಡುಗಡೆಯ ದಾರಿಯೆಂದು ಒಪ್ಪಿಸುವುದು ಅಲ್ಲಿನ ಅಧ್ಯಾಪಕರಿಗೆ ಸುಲಭವಾಗಿರಲಿಲ್ಲ. ದೇಶಕ್ಕೆ ಬಿಡುಗಡೆ ಹತ್ತಿರವಾದಾಗ, 1992ರಲ್ಲಿ ಆ ಕಾಲೇಜು ಮುಚ್ಚಿ, ಕಟ್ಟಡಗಳು ಟಾಂಜಾನಿಯದ ಪಾಲಾದುವು.

ವ್ಯವಸಾಯದ ತೊಡಕಿಗೆ ಖಂಡದ ಇನ್ನೊಂದು ಮೂಲೆಯಿಂದ ಒಂದು ಉತ್ತರ ಬಂದಿದೆ. ಪಶ್ಚಿಮ ಕರಾವಳಿಯ ಬೆನಿನ್ ದೇಶದ ಪೋರ್ಟೊ ನೊವೊ ಪಟ್ಟಣದಲ್ಲಿ, ನೈಜೀರಿಯಾದಲ್ಲಿ ಹುಟ್ಟಿದ ಗಾಡ್‌ಫ್ರಿ ನ್ಜಮುಜೊ ಎಂಬ ಪಾದ್ರಿಯು 1985ರಲ್ಲಿ ಸೊಂಘಾಯ್ ಎಂಬ ಕೇಂದ್ರವನ್ನು ಆರಂಭಿಸಿದನು. ಸರಕಾರವು ಅವನಿಗೆ ಕೊಟ್ಟುದು ಯಾರಿಗೂ ಬೇಡವಾದ ಒಂದು ಹೆಕ್ಟೇರು ನೆಲ. ಅಲ್ಲಿ ಏನನ್ನೂ ಎಸೆಯುವುದಿಲ್ಲ. ಕೋಳಿಯ ಹಿಕ್ಕೆ, ಹಂದಿಯ ಸಗಣಿ, ಕೆರೆಯ ಅಂತರಗಂಗೆ ಇವುಗಳಿಂದ ಅಡುಗೆಗೆ ಅನಿಲ. ಕಸದಲ್ಲಿ ಬೆಳೆಸಿದ ಹುಳು ಮೀನಿಗೆ ಆಹಾರ. ಮೀನುಕೊಳದ ನೀರು ತರಕಾರಿಗೆ. ಬೆಳೆದುದನ್ನು ಅಲ್ಲಿಯೇ ಸಂಸ್ಕರಿಸಿ ಮಾರುವರು. ಹಳ್ಳಿಯ ತರುಣ ತರುಣಿಯರು ಅಲ್ಲಿ ಉಳಿದು ದುಡಿಯುತ್ತಲೇ ಕಲಿತು, ತಮ್ಮ ಊರಿಗೆ ಹಿಂದಿರುಗಿ ಸ್ವಂತ ಹೊಲ ಹೂಡಬೇಕೆಂಬುದು ಏರ್ಪಾಡು. ಅಡಿಕೆ ತೋಟದ ಸೋಗೆ, ಕೊಟ್ಟಿಗೆಯ ಗೊಬ್ಬರಗಳನ್ನು ವ್ಯರ್ಥ ಮಾಡದ ನಮ್ಮ ರೈತ ಪೋಷಕರು ಇದನ್ನು ಓದಿ, ‘ಇದರಲ್ಲಿ ಹೊಸತೇನಿದೆ?’ ಎಂದಾರು. ಹೊಸತೇನೆಂದರೆ, ಅಲ್ಲಿ ಅದನ್ನು ತರುಣರು ಕಲಿಯತಕ್ಕ ವಿದ್ಯೆಯೆಂದು ಗೌರವಿಸಿದ್ದಾರೆ. ನಮ್ಮಲ್ಲಿ ಅದು ಓದು ಹತ್ತದವನ ಪಾಲಿಗೆ ಬಿಟ್ಟ ಕೆಲಸವಾಗಿದೆ.

ಕೀನ್ಯಾದ ಪೇಟೆಗಳಲ್ಲಿ ಬಯಲಲ್ಲೇ ಕುಳಿತು ತಗಡು ಬಡಿದು ಒಲೆ ಪೆಟ್ಟಿಗೆ ಮಾಡುವ ಕುಶಲಕರ್ಮಿಗಳಿಗೆ ಸ್ವಾಹಿಲಿಯಲ್ಲಿ ‘ಜುವಾ ಕಾಲಿ’ ಎಂದು ಹೆಸರು. ಉರಿಬಿಸಿಲೆಂದು ಅದರ ಅರ್ಥ. ಹಳ್ಳಿಯ ಪಾಲಿಟೆಕ್ನಿಕ್‌ಗಳಲ್ಲಿ ಕಲಿತು ಆ ಬಿಸಿಲಿಗಿಳಿದವರಿದ್ದಾರೆ. ಒಬ್ಬ ಹಳೆಯ ಕಸಬುದಾರನ ಬಳಿ ಕುಳಿತು ಕಲಿತವರು ಅದಕ್ಕಿಂತಲೂ ಬಹಳ. ಸರಕಾರಿ ಅಂಕಿಅಂಶಗಳು ಬಹುಕಾಲ ಇವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1972ರಲ್ಲಿ ಕೀನ್ಯಾದ ಬಗ್ಗೆ ಬರೆದ ವರದಿಯಿಂದಲೇ ಇವರ ದುಡಿಮೆ ಪಂಡಿತರ ಕಣ್ಣಿಗೆ ಬಿದ್ದಿತು.

ವಾನ್ ರೆನ್ಸ್‌ಬರ್ಗ್ 2017ರಲ್ಲಿ ತೀರಿಕೊಂಡನು. ಸ್ವಾನೆಂಗ್ ಹಿಲ್ ಶಾಲೆ ಇಂದು ಸರಕಾರದ ಹಿರಿಯ ಪ್ರೌಢಶಾಲೆ. ಬ್ರಿಗೇಡುಗಳನ್ನು ಕೂಡ 2000ರ ದಶಕದ ಕೊನೆಯಿಂದ ಸರಕಾರವು ಒಂದೊಂದಾಗಿ ತನ್ನ ಅಧೀನಕ್ಕೆ ತೆಗೆದುಕೊಂಡಿತು. ಸಾಲ ಮತ್ತು ಅವ್ಯವಸ್ಥೆಯಿಂದ ಹಲವು ಊರುಗಳ ಮಂಡಳಿಗಳು ಬಳಲಿದ್ದುವು. ಸಂಬಳದ ಹೊಣೆ ಈಗ ಸರಕಾರದ್ದು. ಹುಡುಗನು ಕಟ್ಟಿದ ಗೋಡೆಯ ಹಣದಿಂದಲೇ ಅವನ ಮೇಸ್ತ್ರಿಗೆ ಸಂಬಳ ಬರಬೇಕೆಂಬ ನಿರ್ಬಂಧ ಹೋಯಿತು. ಅದರೊಡನೆ, ಊರಿಗೆ ಯಾವ ಗೋಡೆ ಬೇಕೆಂದು ಊರಿನವರೇ ಕುಳಿತು ತೀರ್ಮಾನಿಸುತ್ತಿದ್ದ ಮಂಡಳಿಯೂ ಹೋಯಿತು. ಈ ಎರಡರಲ್ಲಿ ಲಾಭ ಯಾವುದು, ನಷ್ಟ ಯಾವುದು ಎಂಬುದನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಮೇಲಿನ ಮೂರು ವರ್ಷದ ಲೆಕ್ಕವನ್ನು ಮುಂದಿಟ್ಟುಕೊಂಡು ಚರ್ಚಿಸಿ, ಎರಡು ಪುಟಕ್ಕೆ ಮೀರದಂತೆ ಬರೆದು ತಂದರೆ ಓದಲು ನಾವು ಸಿದ್ಧರಿದ್ದೇವೆ.